ಸ್ಟಾರ್ಟ್ ಆಗದ ಕಾರು

ಸೋಮವಾರ ಬೆಳಿಗ್ಗೆ ಠಾಣೆಯ ನೆಲ ಒರೆಸಿದ ಒದ್ದೆ ಇನ್ನೂ ಆರಿರಲಿಲ್ಲ. ನಿವೃತ್ತ ಬಸ್ ಚಾಲಕರೊಬ್ಬರು ಮಗಳ ತೋಳು ಹಿಡಿದು ಒಳಗೆ ಬಂದು, ಇನ್ಸ್‌ಪೆಕ್ಟರ್ ಮೇಜಿನ ಮುಂದೆ ನಿಂತರು.

"ನನ್ನ ಹೆಂಡತೀನ ಕೊಂದಿದಾರೆ ಮೇಡಂ."

"ಕೂತ್ಕೊಂಡು ಹೇಳಿ. ಯಾರು?"

"ಎದುರುಮನೆಯವನು. ಅವನ ಗೇಟಿಗೆ ಅಡ್ಡ ಕಾರು ನಿಲ್ಲಿಸ್ತೀನಿ ಅಂತ ಜಗಳ. ನಿನ್ನ ಡಬ್ಬ ಸ್ಟಾರ್ಟೇ ಆಗದ ಹಾಗೆ ಮಾಡ್ತೀನಿ ಅಂದಿದ್ದ. ಶುಕ್ರವಾರ ಮಧ್ಯಾಹ್ನ ಹೆಂಡತಿಗೆ ಎದೆನೋವು. ಕಾರು ಜಪ್ಪಯ್ಯ ಅನ್ಲಿಲ್ಲ. ಆಸ್ಪತ್ರೆ ಮುಟ್ಟೋ ಹೊತ್ತಿಗೆ ಮುಗಿದುಹೋಗಿತ್ತು."

ಅರ್ಧ ಗಂಟೆ ಮುಂಚೆ ಬಂದಿದ್ದರೆ ಉಳಿಯುತ್ತಿದ್ದರು ಎಂದು ವೈದ್ಯರು ಫೋನಿನಲ್ಲಿ ಹೇಳಿದರು. ಎಫ್‌ಐಆರ್ ದಾಖಲಾಯಿತು.

ಹನ್ನೊಂದು ಗಂಟೆಗೆ ಅವರ ಮನೆಯ ಮುಂದೆ ಪಂಚರ ಸಮ್ಮುಖದಲ್ಲಿ ಕಾರಿನ ಪಂಚನಾಮೆ ಶುರುವಾಯಿತು. ಆಟೋ ಎಲೆಕ್ಟ್ರಿಷಿಯನ್ ಕೀಲಿ ತಿರುಗಿಸಿದ. ಮುಂದಿನ ದೀಪಗಳು ಹೊತ್ತಿದವು, ಹಾರ್ನ್ ಬೀದಿಗೆಲ್ಲ ಕೇಳಿಸಿತು. ಎಂಜಿನ್ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ.

"ಬ್ಯಾಟರಿ ಹೋಗಿರಬೇಕು," ಎಂದ ಕಾನ್‌ಸ್ಟೇಬಲ್.

"ಹೋಗಿದ್ರೆ ಹಾರ್ನೂ ಕೆಮ್ತಿತ್ತು ಸಾರ್."

ಮೀಟರು ಹನ್ನೆರಡೂವರೆ ವೋಲ್ಟ್ ತೋರಿಸಿತು. ಬ್ಯಾಟರಿಯ ತಂತಿಗಳು ಬಿಗಿಯಾಗಿದ್ದವು. ಸ್ಟಾರ್ಟರ್ ಮೋಟಾರಿಗೆ ಹೋಗುವ ತಂತಿಗೆ ಟೆಸ್ಟ್ ಲ್ಯಾಂಪ್ ಹಿಡಿದು ಎಲೆಕ್ಟ್ರಿಷಿಯನ್ ಕಾನ್‌ಸ್ಟೇಬಲ್‌ಗೆ ಕೀಲಿ ತಿರುಗಿಸಲು ಹೇಳಿದ. ಬಲ್ಬು ಹೊತ್ತಲಿಲ್ಲ.

"ಮೋಟಾರ್ ತಪ್ಪಿಲ್ಲ. ಅದಕ್ಕೆ ಕರೆಂಟೇ ಬರ್ತಿಲ್ಲ."

ಬಾನೆಟ್ ಅಡಿಯ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದ. ಮೋಟಾರಿಗೆ ಕರೆಂಟ್ ಹಾಯಿಸುವ ಸ್ಟಾರ್ಟರ್ ರಿಲೇ ಕೂರಬೇಕಾದ ಜಾಗ ಖಾಲಿ ಬಾಯಿ ಬಿಟ್ಟುಕೊಂಡಿತ್ತು.

"ತಾನಾಗೇ ಬೀಳುತ್ತಾ?" ಇನ್ಸ್‌ಪೆಕ್ಟರ್ ಕೇಳಿದರು.

"ಇಲ್ಲ ಮೇಡಂ. ಹಲ್ಲು ಕಿತ್ತ ಹಾಗೆ ಕೀಳಬೇಕು."

ಬಾನೆಟ್ ತೆರೆಯುವ ಹಿಡಿಕೆ ಕಾರಿನೊಳಗಿತ್ತು. ಬಾಗಿಲಿನ ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಒಂದು ಕೀಲಿ ಯಜಮಾನರ ಜೇಬಿನಲ್ಲಿ, ಇನ್ನೊಂದು ಅಡುಗೆಮನೆಯ ಮೊಳೆಯಲ್ಲಿ. ಎದುರುಮನೆಯವನ ಕೈ ಇಲ್ಲಿಗೆ ಮುಟ್ಟುವಂತಿರಲಿಲ್ಲ.

"ಶುಕ್ರವಾರ ಈ ಮುಚ್ಚಳ ತೆಗೆದು ನೋಡಿದ್ರಾ?" ಇನ್ಸ್‌ಪೆಕ್ಟರ್ ಪಕ್ಕದಲ್ಲಿದ್ದ ಚಾಲಕರನ್ನು ಕೇಳಿದರು.

"ನೋಡ್ದೆ. ಎಲ್ಲಾ ಸರಿ ಇತ್ತು."

ಜೀವಮಾನವಿಡೀ ಬಸ್ಸು ಓಡಿಸಿದವರ ಕಣ್ಣಿಗೆ ಆ ಖಾಲಿ ಜಾಗ ಬಿದ್ದಿರಲಿಲ್ಲ. ಇನ್ಸ್‌ಪೆಕ್ಟರ್ ಒಂದು ಫ್ಯೂಸನ್ನು ಬೆರಳ ನಡುವೆ ಹಿಡಿದು ಅವರ ಮುಂದೆ ಚಾಚಿದರು. "ಇದೇನು ಹೇಳಿ?"

ಅವರು ರೇಗಿದರು. "ಖಾಲಿ ಕೈ ತೋರಿಸಿ ಏನು ಕೇಳ್ತೀರಿ?"

ಬಾಗಿಲಲ್ಲಿ ನಿಂತಿದ್ದ ಮಗಳು ಮೆಟ್ಟಿಲಿಳಿದು ಬಂದಳು.

"ಅಪ್ಪನ್ನ ಪರೀಕ್ಷೆ ಮಾಡಬೇಡಿ ಮೇಡಂ. ಕಿತ್ತಿದ್ದು ನಾನು."

ಆಫೀಸಿನ ಕೈಚೀಲದಿಂದ ರಿಲೇಯ ಕಪ್ಪು ಚೌಕವನ್ನು ತೆಗೆದುಕೊಟ್ಟಳು. ಪಂಚರು ಸಹಿ ಹಾಕಿದರು.

ಠಾಣೆಯಲ್ಲಿ ಅವಳು ತಲೆಯೆತ್ತದೆ ಹೇಳಿದಳು. "ಅಪ್ಪನಿಗೆ ಕಣ್ಣು ಮಂಜಾಗಿ ವರ್ಷವಾಯ್ತು. ಒಪ್ಪಲ್ಲ. ಹೋದ ವಾರ ಶಾಲೆ ಮುಂದೆ ಅಮ್ಮ ಕಿರುಚಿದ್ದಕ್ಕೆ ಮಕ್ಕಳು ಬದುಕಿದ್ವು. ಓಡಿಸಬೇಡಿ ಅಂದ್ರೆ ಕುಗ್ಗಿ ಹೋಗ್ತಾರೆ, ಕಾರೇ ಕೆಟ್ಟರೆ ಕಾರನ್ನ ಬೈಕೊಂಡು ಸುಮ್ಮನಾಗ್ತಾರೆ ಅಂತ ಅಮ್ಮನೇ ಹೇಳಿಕೊಟ್ಟಿದ್ದು."

"ಶುಕ್ರವಾರ ಅಪ್ಪ ಫೋನ್ ಮಾಡಿದ್ರಾ?"

"ಮಾಡಿದ್ರು. ಟ್ಯಾಕ್ಸಿ ಕರೀರಿ ಅಂದೆ. ಇನ್ನೊಂದ್ಸಲ ನೋಡ್ತೀನಿ ಅಂದ್ರು. ಅದು ಸ್ಟಾರ್ಟ್ ಆಗಲ್ಲ ಅಪ್ಪಾ ಅಂತ ಒಂದು ಮಾತು ಸಾಕಿತ್ತು. ಬಾಯಿ ಬರಲಿಲ್ಲ."

ನಿರ್ಲಕ್ಷ್ಯದಿಂದ ಸಾವಿಗೆ ಕಾರಣಳಾದ ಆರೋಪದ ಮೇಲೆ ಸಂಜೆ ನಾಲ್ಕಕ್ಕೆ ಅವಳನ್ನು ಬಂಧಿಸಲಾಯಿತು. ಎಲ್ಲವನ್ನೂ ಕೇಳಿಸಿಕೊಂಡಿದ್ದ ತಂದೆ ಬೆಂಚಿನ ಮೇಲೆ ಅಂಗೈ ಮಡಚಿ ಕೂತಿದ್ದರು.

"ಇವಳಮ್ಮನಿಗೂ ಗೊತ್ತಿತ್ತಲ್ಲ," ಎಂದರು. "ಹಿಂದಿನ ಸೀಟಲ್ಲಿ ಎದೆ ಹಿಡ್ಕೊಂಡು, ಕಾರು ಬಿಡ್ರೀ, ಟ್ಯಾಕ್ಸಿ ಕರೀರಿ ಅಂತಾನೇ ಇದ್ಲು. ಯಾಕೆ ಅಂತ ಮಾತ್ರ ಹೇಳ್ಲಿಲ್ಲ. ನಾನು ಬಾಯಿ ಮುಚ್ಚು ಅಂತ ಗದರಿಬಿಟ್ಟೆ."

ಇನ್ಸ್‌ಪೆಕ್ಟರ್ ಜಾಮೀನಿನ ಕಾಗದವನ್ನು ಮೇಜಿನ ಮೇಲಿಟ್ಟರು. ಠಾಣೆಯಲ್ಲೇ ಜಾಮೀನು ಕೊಡಬಹುದಾದ ಅಪರಾಧ ಎಂದಷ್ಟೇ ಹೇಳಿದರು.

"ಜಾಮೀನಿಗೆ ದೂರು ಕೊಟ್ಟವನೇ ನಿಲ್ಲಬಹುದಾ?"

"ಅಡ್ಡಿಯಿಲ್ಲ."

ತಂದೆ ಎದ್ದು ಬಂದು ಮೇಜನ್ನು ತಡವಿದರು. ಪೆನ್ನು ಸಿಕ್ಕಿತು. ಕಾಗದದ ಮೇಲೆ ಅದು ಎಲ್ಲೆಲ್ಲೋ ಅಲೆಯಿತು.

"ಎಲ್ಲಿ ಹಾಕ್ಬೇಕು, ಕಾಣಿಸ್ತಿಲ್ಲ," ಎಂದರು, ಮೊದಲ ಬಾರಿಗೆ.

ಮಗಳು ಅವರ ಕೈ ಹಿಡಿದು ಗೆರೆಯ ಮೇಲಿಟ್ಟಳು.