ಪಕ್ಕದ ಕುರ್ಚಿಯ ಬ್ಯಾಗ್

"ಗು...ಡ್ ಮಾರ್ನಿಂಗ್ ಸ...ರ್."

ಎಪ್ಪತ್ತು ಮಂದಿಯ ಕ್ಲಾಸಿನಲ್ಲಿ ಅಶ್ಮಿತಾ ಒಬ್ಬಳೇ ಎದ್ದು ರಾಗ ಎಳೆಯತೊಡಗಿದ್ದಳು. ಅವಳ ರಾಗ ಅರ್ಧಕ್ಕೆ ನಿಲ್ಲುವಷ್ಟರಲ್ಲಿ ಕೊನೆಯ ಸಾಲಿನಿಂದ ಇನ್ನೊಂದು ಧ್ವನಿ ಸೇರಿಕೊಂಡಿತು. ಉದ್ದನೆಯ ಹುಡುಗನೊಬ್ಬ ಎದ್ದು ನಿಂತಿದ್ದ.

ಪ್ರೊಫೆಸರ್ ತಲೆ ಎತ್ತಿ, ಏನಾದರೂ ಬೇಕಿತ್ತೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು.

ಕಾಲೇಜಿನ ಮೊದಲ ದಿನ ನೋಡಿ. ಊದ್ ಮೇಥಾ ಬಡಾವಣೆಯ ಶಾಲೆಯಲ್ಲಿ, ಬರೀ ಹುಡುಗಿಯರ ನಡುವೆ, ಹನ್ನೆರಡು ವರ್ಷ ಟೀಚರ್ ಬಂದ ಕೂಡಲೇ ಎದ್ದ ಕಾಲುಗಳು. ಒಂದೇ ದಿನಕ್ಕೆ ಹೇಳಿದ ಮಾತು ಕೇಳುತ್ತವೆಯೇ?

ಕ್ಲಾಸ್ ಮುಗಿದ ಮೇಲೆ ಅವನೇ ಬಂದ. ಹೆಸರು ಸುಜಿತ್. ಮನೆ ಅಬುಧಾಬಿ, ಓದಿಗಾಗಿ ಇದೇ ಊರಿನ ನೈಫ್‌ನಲ್ಲಿ ಮಾವನ ಜೊತೆಗಿದ್ದ.

"ನಿಮ್ಮ ಸ್ಕೂಲಲ್ಲೂ ಹೀಗೇ ರಾಗ ಎಳೀಲಿಕ್ಕೆ ಉಂಟಾ?" ಅಶ್ಮಿತಾ ಕೇಳಿದಳು.

"ಹೂಂ..." ಎಂದ ಅವನು ನಕ್ಕ. ಇಬ್ಬರೂ ಒಟ್ಟಿಗೇ ಕ್ಯಾಂಟೀನಿಗೆ ನಡೆದರು.

ಆ ವಾರ ಪೂರ್ತಿ ಹಬ್ಬ. ಬೆಲ್ ಇಲ್ಲ, ಯೂನಿಫಾರ್ಮ್ ಇಲ್ಲ, ಅಪ್ಪನ ಸಹಿ ಬೇಡುವ ಡೈರಿ ಇಲ್ಲ. ಕ್ಲಾಸಿನಲ್ಲಿ ಅಕ್ಕಪಕ್ಕ, ಕ್ಯಾಂಟೀನಿನಲ್ಲಿ ಎದುರುಬದುರು. ಚಹಾ ತಣ್ಣಗಾದರೂ ಮಾತು ಮುಗಿಯುತ್ತಿರಲಿಲ್ಲ.

ಆದರೆ ಕಾಲೇಜಿನಲ್ಲಿ ಯಾರ ಜಾಗವೂ ಗಟ್ಟಿಯಲ್ಲ. ಮುಂದಿನ ಸೋಮವಾರ ಸುಜಿತ್ ಬರುವ ಮೊದಲೇ ಅವನ ಕುರ್ಚಿಯಲ್ಲಿ ಬೇರೆ ಯಾರೋ ಕೂತರು. ಮಂಗಳವಾರ ಅಶ್ಮಿತಾ ಬೇಗ ಬಂದು ಆ ಕುರ್ಚಿಯ ಮೇಲೆ ತನ್ನ ಬ್ಯಾಗ್ ಇಟ್ಟಳು. ಶಾಲೆಯಲ್ಲಿ ಗೆಳತಿಗೆ ಜಾಗ ಹಿಡಿಯುತ್ತಿದ್ದುದು ಹಾಗೆಯೇ.

ಸುಜಿತ್ ಬಂದ, ಬ್ಯಾಗ್ ನೋಡಿದ. ಮುಖ ಸಣ್ಣದು ಮಾಡಿಕೊಂಡು ಹಿಂದಿನ ಸಾಲಿಗೆ ಹೋದ!

ಬುಧವಾರವೂ ಅದೇ. ಗುರುವಾರ ಕ್ಯಾಂಟೀನಿಗೂ ಬರಲಿಲ್ಲ.

'ಜಾಗ ಹಿಡಿದಿಟ್ಟರೂ ಬರುವುದಿಲ್ಲ ಅಂದರೆ... ನಾನು ಬೇಡವಾದೆನೇ?' ಅವಳಿಗೆ ಊಟವೂ ಸೇರಲಿಲ್ಲ.

ಮಧ್ಯಾಹ್ನ ಗೆಳತಿ ಜಮೀಲ ಓಡಿ ಬಂದಳು. "ಎಂತ ಮಾರಾಯ್ತಿ, ಇಲ್ಲಿ ಕೂತಿದ್ದೀಯಾ? ಸುಜಿತ್ ಅಬುಧಾಬಿ ಕ್ಯಾಂಪಸ್‌ಗೆ ಹೋಗ್ತಾನಂತೆ. ಫಾರ್ಮ್ ಕೊಡ್ಲಿಕ್ಕೆ ಇವತ್ತೇ ಲಾಸ್ಟ್. ನಾಲ್ಕು ಗಂಟೆಗೆ ಖಲಾಸ್."

ಶಾಲೆಯಾಗಿದ್ದರೆ ಕ್ಲಾಸ್ ಟೀಚರ್ ಇಬ್ಬರನ್ನೂ ಕರೆಸಿ ರಾಜಿ ಮಾಡಿಸುತ್ತಿದ್ದರು. ಇಲ್ಲಿ ಹೋಗುವವನನ್ನು ಇರು ಎನ್ನುವವರಿಲ್ಲ. ಅನ್ನಬೇಕಾದರೆ ಅವಳೇ ಅನ್ನಬೇಕು.

ಆಫೀಸಿನಲ್ಲಿ ಸುಜಿತ್ ಟೋಕನ್ ಹಿಡಿದು ಕೂತಿದ್ದ.

"ನನಗೆ ಒಂದು ಮಾತು ಹೇಳ್ಬಹುದಿತ್ತಲ್ಲ?" ಅವಳ ಕಣ್ಣು ತುಂಬಿತ್ತು.

"ನೀನು ಬ್ಯಾಗ್ ಇಟ್ಟ ಮೇಲೆ ಎಂತ ಹೇಳುದು?"

"ಬ್ಯಾಗಾ?"

"ನಮ್ಮ ಟ್ಯೂಷನ್‌ನಲ್ಲಿ ಹುಡುಗ ಹುಡುಗಿ ಒಂದೇ ಬೆಂಚಲ್ಲಿ ಕೂತ್ರೆ ಮಧ್ಯದಲ್ಲಿ ಬ್ಯಾಗ್ ಇಡ್ಬೇಕು. ದಾಟಿದ್ರೆ ಮನೆಗೆ ಫೋನ್. ನಾನು ಹತ್ರ ಬರುದು ನಿನಗೆ ಇಷ್ಟ ಇಲ್ಲ ಅಂತ ಎಣಿಸಿದೆ."

ಅಶ್ಮಿತಾ ಹಣೆ ಚಚ್ಚಿಕೊಂಡಳು. "ಅದು ನಿನಗೇ ಹಿಡಿದ ಜಾಗ ಮಾರಾಯ. ಬೇರೆ ಯಾರೂ ಕೂರ್ಬಾರ್ದು ಅಂತ."

ಅಷ್ಟರಲ್ಲಿ ಅವನ ಟೋಕನ್ ನಂಬರ್ ಕೂಗಿದರು. ಅವನು ಏಳಲಿಲ್ಲ.

"ನಾನು ಹೋಗ್ಬೇಕಾ, ಅಶ್ಮಿತಾ?"

"ಬೇಡ." ಅವಳು ಹೇಳಿಯೇಬಿಟ್ಟಳು. "ನೀನಂದ್ರೆ ನನಗೆ ಇಷ್ಟ. ತುಂಬಾ..."

ಸುಜಿತ್ ಫಾರ್ಮನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿದ.

"ಕಾಲೇಜಲ್ಲಿ ಸರ್ ಬಂದ್ರೆ ಯಾರೂ ಏಳುದಿಲ್ಲ ಅಂತ ನನ್ನ ಅಣ್ಣ ಮೊದಲೇ ಹೇಳಿದ್ದ," ಎಂದ ಮೆಲ್ಲಗೆ. "ಆದ್ರೆ ಮೊದಲ ದಿನ ನೀನು ಒಬ್ಬಳೇ ನಿಂತಿದ್ದಿಯಲ್ಲ... ನೋಡಿ ಕೂತಿರ್ಲಿಕ್ಕೆ ಆಗ್ಲಿಲ್ಲ."

ಅಶ್ಮಿತಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಮರುದಿನವೂ ಕುರ್ಚಿಯ ಮೇಲೆ ಬ್ಯಾಗ್ ಇತ್ತು. ಸುಜಿತ್ ಅದನ್ನೆತ್ತಿ ಮಡಿಲಲ್ಲಿಟ್ಟುಕೊಂಡು ಕೂತ.

"ಎಷ್ಟು ದಿನ ಹಿಡ್ಕೊಳ್ಬೇಕು ಇದನ್ನು?"

"ನಾಲ್ಕು ವರ್ಷ."

"ಆಮೇಲೆ?"

"ಆಮೇಲೆ ನಿನ್ನ ಮನೆಗೆ ಫೋನ್," ಅಂದಳು ಅಶ್ಮಿತಾ. "ನಾನೇ ಮಾಡ್ತೇನೆ."