ಕಳುಹಿಸಿದವರು: ಅವಳು

"ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರ್ಕೊಂಡ ಹಾಗಾಯ್ತು!"

ಮೀಟಿಂಗ್ ಕೋಣೆಯಲ್ಲಿದ್ದವರೆಲ್ಲ ಅವಳತ್ತ ತಿರುಗಿದರು. ಅವಳ ಮೂಗಿನ ತುದಿ ಕೆಂಪಾಗಿತ್ತು. ಚಾಚಿದ ಬೆರಳು ಕಂಪ್ಯೂಟರ್ ವಿಭಾಗದವನ ಕಡೆಗಿತ್ತು. ಅವನೆದುರು ಅವಳಾಡಿದ ಮೊದಲ ಮಾತೇ ಅದು!

ಆ ಕಂಪನಿ ಕಿವಿ ಕೇಳದವರಿಗೆ ಶ್ರವಣಯಂತ್ರ ತಯಾರಿಸುತ್ತಿತ್ತು. ಗ್ರಾಹಕರ ದೂರುಗಳೆಲ್ಲ ಒಂದು ಸಾಫ್ಟ್‌ವೇರ್‌ಗೆ ಬರುತ್ತಿದ್ದವು. ಅಲ್ಲಿ ಅವಳು ಬರೆದ ಉತ್ತರ ತಾನಾಗಿಯೇ ಇಮೇಲ್ ಆಗಿ ಅವರಿಗೆ ಹೋಗುತ್ತಿತ್ತು. ಕಿವಿ ಮಂದವಾದ ಅಜ್ಜಿಯ ಮಗ್ಗುಲಲ್ಲೇ ಬೆಳೆದವಳು ಅವಳು. ಪ್ರತಿಯೊಬ್ಬರಿಗೂ ಪಕ್ಕದಲ್ಲಿ ಕೂತು ಹೇಳಿದ ಹಾಗೆ ಬರೆಯುತ್ತಿದ್ದಳು.

ಇವತ್ತು ನೋಡಿದರೆ, "ಗ್ರಾಹಕರೆಲ್ಲ ನಿನ್ನನ್ನೇ ಹೊಗಳ್ತಿದ್ದಾರಲ್ಲೋ! ಸೇವಾ ವಿಭಾಗಕ್ಕೆ ಇನ್ನು ನೀನೇ ಮುಖ್ಯಸ್ಥ" ಎಂದು ಮ್ಯಾನೇಜರ್ ಅವನ ಬೆನ್ನು ತಟ್ಟಿ, ಪರದೆಯ ಮೇಲೆ ಒಂದು ಇಮೇಲ್ ತೋರಿಸಿದ್ದರು. ಒಂದೊಂದು ಅಕ್ಷರವೂ ಅವಳದು. 'ಕಳುಹಿಸಿದವರು' ಎಂಬಲ್ಲಿ ಮಾತ್ರ ಅವನ ವಿಳಾಸ!

"ಬರೆದಿದ್ದು ನಾನು, ಹೆಸರು ಇವರದು. ಹೇಗೆ ಅಂತ ಇವರೇ ಹೇಳ್ಲಿ!"

ಅವನು ಎದ್ದು ನಿಂತ. ಆಫೀಸಿಗೆಲ್ಲ ಅವನು 'ಗುಮ್ಮನಗುಸಕ'. ಕೇಳಿದರೂ ಬಾಯಿ ಬಿಡದವನು...

"ಅವರು ಹೇಳಿದ್ದು ನಿಜ ಸಾರ್. ಸಾಫ್ಟ್‌ವೇರ್ ಹಾಕಿದಾಗ, ಮೇಲ್ ಹೋಗುತ್ತಾ ಅಂತ ನೋಡೋಕೆ ನನ್ನ ವಿಳಾಸ ಕೊಟ್ಟಿದ್ದೆ. ಬದಲಾಯಿಸ್ಲಿಲ್ಲ. ಅದ್ರಲ್ಲಿ ಒಂದು ಸಾಲೂ ನಂದಲ್ಲ. ಆ ಹುದ್ದೆ ಅವರಿಗೇ ಸಲ್ಬೇಕು."

ಮ್ಯಾನೇಜರ್ ತಲೆ ಕೆರೆದುಕೊಂಡರು. "ಹಾಗಿದ್ರೆ... ಮುಖ್ಯಸ್ಥೆ ನೀನೇ ಕಣಮ್ಮಾ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳಿಗೆ ಗೆದ್ದ ಖುಷಿ. ಆದರೂ ಒಂದು ಮುಳ್ಳು ಒಳಗೇ ಚುಚ್ಚುತ್ತಿತ್ತು. ಗ್ರಾಹಕರ ಮೆಚ್ಚುಗೆಯೆಲ್ಲ ಇವನಿಗೇ ಬರ್ತಿತ್ತು ಅಂದ್ಮೇಲೆ... ತಪ್ಪು ಗೊತ್ತಿರಲಿಲ್ವಾ?

ನೇರವಾಗಿ ಅವನ ಮೇಜಿಗೇ ಹೋಗಿ ಕೇಳಿಬಿಟ್ಟಳು.

"ಗೊತ್ತಿತ್ತು" ಎಂದ, ತಲೆ ತಗ್ಗಿಸಿ.

"ಮತ್ತೆ ಯಾಕೆ ಸುಮ್ನಿದ್ರಿ?!"

"ಗ್ರಾಹಕರ ಥ್ಯಾಂಕ್ಸ್ ಕೆಳಗೆ ನೀವು ಬರೆದಿದ್ದೂ ಬರ್ತಿತ್ತು. ಒಬ್ಬ ತಾತನಿಗೆ ಬರೆದಿದ್ರಿ... 'ಮೊದಮೊದಲು ಎಲ್ಲ ಗದ್ದಲ ಅನ್ಸುತ್ತೆ, ಹೆದರಬೇಡಿ. ನಿಮಗೆ ತುಂಬ ಇಷ್ಟವಾದವರನ್ನ ಹತ್ರ ಕೂರಿಸ್ಕೊಂಡು ಅವರ ದನಿ ಒಂದನ್ನೇ ಕೇಳಿ' ಅಂತ. ಅದನ್ನ ಓದಿದ್ಮೇಲೆ... ಸರಿ ಮಾಡಿದ್ರೆ ನಿಮ್ಮ ಮಾತು ನನಗೆ ಬರೋದೇ ನಿಂತುಹೋಗುತ್ತಲ್ಲ ಅಂತ, ನಾಳೆ ನಾಳೆ ಅಂದ್ಕೊಂಡೆ. ತಪ್ಪೇ."

ಅವಳು ಅವನನ್ನೇ ನೋಡಿದಳು. ನನ್ನ ಮಾತಿಗೆ ಒಬ್ಬರು ಹೀಗೆ ಕಾಯ್ತಿದ್ರಾ?

ಆದರೆ ಸ್ವಾಭಿಮಾನದಲ್ಲಿ ಅವಳು ಅಜ್ಜಿಗೆ ತಕ್ಕ ಮೊಮ್ಮಗಳು! "ಇಷ್ಟಪಟ್ರೂ ಅಷ್ಟೇ, ನನ್ನ ಹೆಸರು ನನಗೆ ಬೇಕು. ಈಗ್ಲೇ ಸರಿ ಮಾಡಿ. ನನ್ನ ಕಣ್ಣೆದುರಿಗೇ."

ಅವನು ಸೆಟ್ಟಿಂಗ್ಸ್ ತೆರೆದು ತನ್ನ ವಿಳಾಸ ಅಳಿಸಿದ. ಕೀಬೋರ್ಡನ್ನು ಅವಳತ್ತ ಸರಿಸಿದ. "ನೀವೇ ಹಾಕಿ."

ಅವಳು ತನ್ನ ವಿಳಾಸವನ್ನು ನಿಧಾನವಾಗಿ ಟೈಪ್ ಮಾಡಿದಳು. ಸೇವ್ ಒತ್ತಿದಾಗ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ತನ್ನ ಜಾಗಕ್ಕೆ ಬರುವಷ್ಟರಲ್ಲಿ ಇನ್‌ಬಾಕ್ಸ್ ತುಂಬತೊಡಗಿತ್ತು! ಅವನು ಒಂದನ್ನೂ ಅಳಿಸದೆ ಕಾದಿಟ್ಟ ಮೆಚ್ಚುಗೆಗಳೆಲ್ಲ ಈಗ ಅವನ ಕಡೆಯಿಂದ ಒಂದರ ಹಿಂದೊಂದು ಬರುತ್ತಿದ್ದವು. 'ಮೊಮ್ಮಗಳು ನಗೋದು ಕೇಳಿಸ್ತು' ಎಂದು ಆ ತಾತ ಬರೆದಿದ್ದರು. ಓದುತ್ತ ಓದುತ್ತ ಅವಳ ಕಣ್ಣು ತುಂಬಿತು. ಇದೆಲ್ಲ ನಾನು ಮಾಡಿದ್ದು... ನಾನೇ!

ಕಣ್ಣೊರೆಸಿಕೊಂಡು ಅವಳು ಏನನ್ನೋ ಟೈಪ್ ಮಾಡಿದಳು. ಎದುರು ಸಾಲಿನಲ್ಲಿ ಅವನ ಕಂಪ್ಯೂಟರ್ ಟಿಣ್ ಎಂದಿತು.

ಕಳುಹಿಸಿದವರು: ಅವಳು.

'ಹೊಸ ದೂರು. ಗುಮ್ಮನಗುಸಕರೊಬ್ಬರು ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳುತ್ತಿಲ್ಲ. ತಕ್ಷಣ ಬಗೆಹರಿಸುವುದು.'

ಅವನು ಕುರ್ಚಿ ತಿರುಗಿಸಿದ. ಕಿವಿಯವರೆಗೂ ಕೆಂಪಾಗಿದ್ದ.

"ನೀವಂದ್ರೆ... ನನಗೆ ತುಂಬ ಇಷ್ಟ."

ಸುತ್ತಲಿನ ಕೀಬೋರ್ಡ್‌ಗಳೆಲ್ಲ ನಿಂತವು. ಅವಳು ಮಾತ್ರ ಕಿವಿಗೆ ಕೈ ಹಿಡಿದು ಮುಂದೆ ಬಾಗಿದಳು, ತನ್ನ ಅಜ್ಜಿಯ ಹಾಗೇ.

"ಕೇಳಿಸ್ಲಿಲ್ಲ."

"ನೀವಂದ್ರೆ ನನಗೆ ಇಷ್ಟ!"

"ಈಗ ಕೇಳಿಸ್ತು" ಎಂದು ನಕ್ಕಳು ಅವಳು. "ಆದ್ರೂ ಇನ್ನೊಂದ್ಸಲ ಹೇಳಿ... ಹತ್ರ ಬಂದು."