ಕೂಸುಗಳ ಬೆಳ್ಳಿ

ಫಕೀರವ್ವನ ಅಡುಗೆಮನೆಯ ನೆಲದ ಮೇಲೆ ಇಂದುಮತಿ ಪತ್ತಾರ ತನ್ನ ಯಂತ್ರವನ್ನು ನಿಧಾನವಾಗಿ ಸರಿಸುತ್ತಿದ್ದಳು. ನೋಡಲಿಕ್ಕೆ ಅದು ಉದ್ದ ಹಿಡಿಕೆ ಹಚ್ಚಿದ ರೊಟ್ಟಿಹಂಚಿನಂತಿತ್ತು. ಕಟ್ಟೆಯ ಎಡಮೂಲೆಗೆ ಬಂದಾಗ, ಹಿಡಿಕೆಗೆ ಸಿಕ್ಕಿಸಿದ್ದ ಪುಟ್ಟ ಪರದೆಯಲ್ಲಿ ಗುಂಡನೆಯ ಬಿಲ್ಲೆಗಳು ಒಂದಕ್ಕೊಂದು ಒರಗಿ ನಿಂತದ್ದು ಕಂಡಿತು. ಮಣ್ಣಿನ ಗಡಿಗೆ ಕಾಣುತ್ತಿರಲಿಲ್ಲ. ಆದರೆ ಬಿಲ್ಲೆಗಳು ನಿಂತ ರೀತಿಯೇ ಗಡಿಗೆಯ ಹೊಟ್ಟೆ ಎಷ್ಟು ಉಬ್ಬಿತ್ತೆಂಬುದನ್ನು ಹೇಳುತ್ತಿತ್ತು.

"ಅಜ್ಜಿ, ನಿಮ್ಮ ಕಾಲ ಕೆಳಗ ಬೆಳ್ಳಿ ರೂಪಾಯಿ ಅದಾವ," ಎಂದಳು ಇಂದುಮತಿ.

"ಚೇಷ್ಟಿ ಮಾಡಬ್ಯಾಡವಾ," ಎಂದು ನಕ್ಕ ಎಪ್ಪತ್ತೆಂಟರ ಫಕೀರವ್ವ, ಮಧ್ಯಾಹ್ನದ ಹೊತ್ತಿಗೆ ಗಡಿಗೆ ಹೊರಬಂದಾಗ ಸೊಂಟನೋವು ಮರೆತು ಎರಡು ಹೆಜ್ಜೆ ಕುಣಿದಳು. ರಾಣಿಯ ಮುಖದ ನಾಣ್ಯಗಳು ಹಸಿರುಗಟ್ಟಿ ಅಂಟಿಕೊಂಡಿದ್ದವು. ಅದೇ ಗಡಿಗೆಯ ತಳದಲ್ಲಿ ಒಂದು ಜೊತೆ ತೋಳಬಂದಿಯೂ ಸಿಕ್ಕಿತು. ನವಲಪೇಟೆಯ ಹಾಲಗೇರಿ ಓಣಿಯೆಲ್ಲ ಆ ದಿನ ಅವಳ ಬಾಗಿಲಲ್ಲಿ ನೆರೆಯಿತು.

ಯಂತ್ರದ ಹೆಸರು 'ಒಳನೋಟ'. ಅದು ನೆಲದೊಳಕ್ಕೆ ಅಯಸ್ಕಾಂತದ ಬಲವನ್ನು ಕಣ್ಣುಮಿಟುಕಿನಷ್ಟು ಹೊತ್ತು ಹಾಯಿಸಿ ಥಟ್ಟನೆ ನಿಲ್ಲಿಸುತ್ತಿತ್ತು. ಆಗ ನೆಲದೊಳಗಿನ ಲೋಹದಲ್ಲಿ ಸಣ್ಣ ವಿದ್ಯುತ್ತು ಸುಳಿಯಾಗಿ ಹರಿದು, ಪ್ರತಿಧ್ವನಿಯಂಥ ಮಾರುಲಿಯೊಂದನ್ನು ಮೇಲಕ್ಕೆ ಕಳಿಸುತ್ತದೆ. ವಿದ್ಯುತ್ತು ಬೆಳ್ಳಿಯಲ್ಲಿ ಹರಿದಷ್ಟು ಸಲೀಸಾಗಿ ಬೇರೆ ಯಾವ ಲೋಹದಲ್ಲೂ ಹರಿಯುವುದಿಲ್ಲವಾದ್ದರಿಂದ ಬೆಳ್ಳಿಯ ಮಾರುಲಿ ಕೊಂಚ ಹೆಚ್ಚು ಹೊತ್ತು ಉಳಿಯುತ್ತದೆ. ಆ ಕೊಂಚವನ್ನು ಹಿಡಿದು ಚಿತ್ರವಾಗಿಸಲು ಇಂದುಮತಿಗೆ ಹತ್ತೊಂಬತ್ತು ವರ್ಷ ಹಿಡಿದಿತ್ತು. ಅಗೆಯದೆಯೇ ಹಳೆಯ ಊರುಗಳ ಚರಿತ್ರೆ ಓದಬೇಕೆಂಬುದು ಅವಳ ಆಸೆ. ಆದರೆ ಯಂತ್ರ ತಯಾರಿಸಿದ ಕಂಪನಿಗೆ ಚರಿತ್ರೆಯಿಂದ ಏನಾಗಬೇಕಿತ್ತು? ಅವಳಿಂದ ಹಕ್ಕು ಬರೆಸಿಕೊಂಡು, 2058ರ ಯುಗಾದಿಯ ಹೊತ್ತಿಗೆ ಒಳನೋಟವನ್ನು ಅಂಗಡಿಗಳಲ್ಲಿ ಮಿಕ್ಸರಿನ ಪಕ್ಕದಲ್ಲಿಟ್ಟು ಮಾರತೊಡಗಿತು.

ಮಳೆಗಾಲ ಬರುವಷ್ಟರಲ್ಲಿ ಹಾಲಗೇರಿ ಓಣಿಯಲ್ಲಿ ಗುಂಡಿಯಿಲ್ಲದ ಅಂಗಳ ಉಳಿಯಲಿಲ್ಲ. ಕಳೆದುಹೋದ ಮೂಗುತಿ, ಮುರಿದ ಕಾಲುಂಗುರ, ಮನೆಯ ಪಾಯಕ್ಕೆ ಹಾಕಿದ ನಾಣ್ಯ, ಎಲ್ಲವೂ ಮೇಲೆ ಬಂದವು. ಅಣ್ಣತಮ್ಮಂದಿರು ಒಂದೇ ಗೋಡೆಯ ಎರಡು ಬದಿಯಿಂದ ಅಗೆದು, ಗೋಡೆಯೇ ಕುಸಿದು ಕೂತಿತು. ಬಾಡಿಗೆಯವರನ್ನು ಬಿಡಿಸಿ ನೆಲ ಕಿತ್ತವರಿದ್ದರು. ಅವರಿವರ ಮನೆಗೆ ಹರಟೆಗೆಂದು ಹೋದವರು ಚೀಲದಲ್ಲಿ ಯಂತ್ರ ಮುಚ್ಚಿಟ್ಟುಕೊಂಡು, ಕೂತಲ್ಲೇ ಪರದೆಯನ್ನು ಕದ್ದು ನೋಡುತ್ತಿದ್ದರು. ಇಂದುಮತಿಗೆ ಇದೆಲ್ಲ ಮುಜುಗರವಾಗುತ್ತಿತ್ತು, ಆದರೂ ಒಳಗೊಳಗೆ ಸಣ್ಣ ಹೆಮ್ಮೆಯೂ ಇತ್ತು. ಮುಂದೆ ಅವಳಿಗೆ ಎಲ್ಲಕ್ಕಿಂತ ಹೇಸಿಗೆಯೆನಿಸಿದ್ದು ಆ ಹೆಮ್ಮೆಯೇ.

ಓಣಿಯ ಕೊನೆಯಲ್ಲಿ ಜೋಕಾಲಿ, ಜಾರುಬಂಡೆಗಳಿದ್ದ ಮಕ್ಕಳ ಬಯಲೊಂದಿತ್ತು. ಆಷಾಢದ ಒಂದು ಬೆಳಿಗ್ಗೆ ಅಲ್ಲಿ ಗುಂಪು ನೆರೆದದ್ದನ್ನು ಕಂಡು ಇಂದುಮತಿ ಹೋದಳು. ಪಾತ್ರೆ ಅಂಗಡಿಯ ಚನ್ನಬಸು ಎದುರಾದ. ಸಭ್ಯ ಮನುಷ್ಯ. ಅವಳ ತಾಯಿ ಆಸ್ಪತ್ರೆಯಲ್ಲಿದ್ದಾಗ ಹದಿನೈದು ದಿನ ಮನೆಯಿಂದ ಬುತ್ತಿ ಕಳಿಸಿದವನು.

"ಬರ್ರಿ ಮೇಡಂ, ನೀವ ನೋಡಬೇಕಿತ್ತು!" ಎಂದು ಅವನು ತನ್ನ ಯಂತ್ರವನ್ನು ಅವಳ ಕೈಗೆ ಕೊಟ್ಟ. "ನೋಡ್ರಿ, ಎಲ್ಲಾ ಸಾಲಾಗಿ ಅದಾವ. ಬೆಳಿ ಬಿತ್ತಿದಂಗ."

ಪರದೆಯಲ್ಲಿ ಸಣ್ಣ ಬಳೆಗಳು. ಎರಡು ಬಳೆ, ಒಂದು ಮೊಳ ಬಿಟ್ಟು ಮತ್ತೆ ಎರಡು, ಮತ್ತೆ ಎರಡು. ಒಂದೊಂದು ಜೋಡಿಯ ಎರಡು ಬಳೆಗಳ ನಡುವೆ ನಾಲ್ಕು ಬೆರಳಿನಷ್ಟು ಅಂತರ. ಕೆಲವಕ್ಕೆ ಗೇಣುದ್ದ ಮೇಲೆ ಎಳೆಯಂಥ ಉಡಿದಾರವೂ ಕಾಣುತ್ತಿತ್ತು. ಕಾಲ್ಗಡಗದಿಂದ ಉಡಿದಾರದವರೆಗಿನ ಆ ಗೇಣು ಏನೆಂದು ತಿಳಿಯಲು ಅವಳಿಗೆ ವಿಜ್ಞಾನ ಬೇಕಾಗಲಿಲ್ಲ.

"ಚನ್ನಬಸು, ಇವು ಕೂಸುಗಳು," ಎಂದಳು.

ಅವನು ಮುಖ ಬೇರೆಡೆ ತಿರುಗಿಸಿ ಯಂತ್ರವನ್ನು ಇಸಿದುಕೊಂಡ. ಅವನಿಗೆ ಮೊದಲೇ ಗೊತ್ತಿತ್ತೆಂದು ಅಷ್ಟರಿಂದಲೇ ಅವಳಿಗೆ ಗೊತ್ತಾಯಿತು.

ಜಾರುಬಂಡೆಯ ನೆರಳಲ್ಲಿ ಅವನ ಹೆಂಡತಿ ಪ್ಲಾಸ್ಟಿಕ್ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಹುಣಸೆನೀರಿನಲ್ಲಿ ಇಪ್ಪತ್ತು ಮೂವತ್ತು ಪುಟ್ಟ ಕಡಗ ನೆನೆಯುತ್ತಿದ್ದವು. ನೀರು ಕಪ್ಪಾಗಿ, ಮೇಲೆ ನೊರೆ ಕಟ್ಟಿತ್ತು. ಒಂದು ಕಡಗದೊಳಗೆ ಸಿಕ್ಕಿಕೊಂಡಿದ್ದ ಸೀಮೆಸುಣ್ಣದಂಥ ತೆಳ್ಳನೆಯ ತುಂಡನ್ನು ಅವಳು ಹೇರ್‌ಪಿನ್ನಿನಿಂದ ಕುಕ್ಕಿ ತೆಗೆದು, ಪಕ್ಕದ ಕಸದ ಡಬ್ಬಿಗೆ ಹಾಕಿದಳು. ಡಬ್ಬಿಯಲ್ಲಿ ಅಂಥವು ಬಹಳ ಇದ್ದವು. ಮೇಲೆ ಚಹದ ಚರಟ, ಬಾಳೆಹಣ್ಣಿನ ಸಿಪ್ಪೆ.

"ಬೇರು ಇರಬೇಕ್ರಿ," ಎಂದಳು ಅವಳು, ತಲೆ ಎತ್ತದೆ.

"ಬೇರಲ್ಲ."

"ನೂರೈವತ್ತು ವರ್ಷ ಆತಲ್ರೀ," ಎಂದ ಚನ್ನಬಸು. ದನಿಯಲ್ಲಿ ಸಿಟ್ಟಿರಲಿಲ್ಲ, ಸಮಾಧಾನ ಹೇಳುವ ಮೆದುವಿತ್ತು. "ಹೆತ್ತಾರೂ ಸತ್ತು ಮಣ್ಣಾಗ್ಯಾರ. ಯಾರಿಗ್ ನೋವ್ ಆಕ್ಕೈತಿ ಹೇಳ್ರಿ? ನಾವ್ ತಗೀಲಿಲ್ಲಂದ್ರ ಆ ಕಡೆ ಓಣ್ಯಾರು ತಗೀತಾರ. ಚಹಾ ಕುಡೀರಿ ಮೊದ್ಲ."

ಲೋಟ ಹಿಡಿದಿದ್ದ ಅವನ ಉಗುರುಗಳೊಳಗೆ ಕಪ್ಪು ಮಣ್ಣು ತುಂಬಿತ್ತು. ಇಂದುಮತಿ ಗಟಾರದವರೆಗೆ ಹೇಗೋ ಹೋಗಿ, ಬೆಳಗಿನ ಉಪ್ಪಿಟ್ಟನ್ನೆಲ್ಲ ಕಾರಿಕೊಂಡಳು. ಹಿಂದಿನಿಂದ ಯಾರೋ, "ಪಾಪ, ಪಿತ್ತ ಆಗೇತಿ," ಎಂದರು. ಗುದ್ದಲಿಯ ಸದ್ದು ನಿಲ್ಲಲಿಲ್ಲ.

ಸಂಜೆ ಫಕೀರವ್ವ ಬಾಗಿಲು ಹಾಕಿಕೊಂಡು ಕೂತಿದ್ದಳು. "ಪ್ಲೇಗಿನ ಕಾಲದ್ದಂತ," ಎಂದಳು. "ನಮ್ಮಜ್ಜಿ ಆಕಿ ಅವ್ವನ ಬಾಯಾಗ ಕೇಳಿದ್ದು. ದಿನಾ ನಾಕು, ಐದು ಕೂಸು. ಮೈಮ್ಯಾಲಿನ ಬೆಳ್ಳಿ ತಗೀಲಿಕ್ಕೆ ಯಾರಿಗೂ ಮನಸ್ ಬರಲಿಲ್ಲಂತ. ಹಾಕಿದ್ದನ್ನ ಹಾಕಿದಂಗ ಮಣ್ಣಿಗಿಟ್ಟು ಊರ ಬಿಟ್ಟರಂತ." ಇಂದುಮತಿಯತ್ತ ತಿರುಗಿ ಕೇಳಿದಳು: "ನಿನ್ನ ಮಷೀನು ಹಳ್ಳಾ ಹರಿದಂಗ ಎಲ್ಲಾ ಕಡೆ ಹೋತಲ್ಲವಾ. ಅದನ್ನ ಕುರುಡು ಮಾಡಾಕ ಬರೂದಿಲ್ಲೇನು?"

ಬರುತ್ತಿತ್ತು. ಎಲ್ಲ ಯಂತ್ರಗಳೂ ಕಂಪನಿಯ ಕೇಂದ್ರದಿಂದ ಆಗಾಗ ಹೊಸ ಸೂಚನೆ ಪಡೆಯುತ್ತಿದ್ದವು. ಸಣ್ಣ ಬಳೆಗಳು ಜೋಡಿಯಾಗಿ ಕಂಡರೆ ತೋರಿಸಬೇಡವೆಂದು ಎರಡು ಸಾಲು ಬರೆದು ಕಳಿಸಿದರೆ ಮುಗಿಯಿತು. ಮರುದಿನವೇ ಇಂದುಮತಿ ಕಂಪನಿಯ ವ್ಯವಸ್ಥಾಪಕ ದೇಸಾಯಿಗೆ ಫೋನು ಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಕಾಲ್ಗಡಗಗಳ ನಡುವಿನ ಅಂತರ, ಉಡಿದಾರದ ಎತ್ತರ, ಗೋರಿಯನ್ನು ಗುರುತಿಸುವ ಬಗೆ, ಎಲ್ಲವನ್ನೂ.

ಆತ ಕಿವಿಗೊಟ್ಟು ಕೇಳಿದ. "ಅದ್ಭುತ, ಮೇಡಂ," ಎಂದ.

ಮುಂದಿನ ತಿಂಗಳು ಬಂದ ಸೂಚನೆಯಲ್ಲಿ ಯಂತ್ರ ಗೋರಿಗಳನ್ನು ಮರೆಮಾಡಲಿಲ್ಲ. ಕೆಂಪು ಚುಕ್ಕೆಯಿಟ್ಟು ತೋರಿಸಿತು. 'ಜೋಡಿ ಶೋಧ' ಎಂದು ಅದಕ್ಕೆ ಬೇರೆ ಚಂದಾ. ಇಂದುಮತಿ ನ್ಯಾಯಾಲಯಕ್ಕೆ ಹೋದಳು, ಪತ್ರಿಕೆಗಳಿಗೆ ಬರೆದಳು. ಹಕ್ಕು ಮಾರಿದವಳ ಮಾತಿಗೆ ಅಲ್ಲಿ ಬೆಲೆಯಿರಲಿಲ್ಲ. ಊಟಕ್ಕೆ ಕೂತರೆ ಹುಣಸೆಯ ವಾಸನೆ ಬಂದಂತಾಗಿ ತಟ್ಟೆ ಸರಿಸುತ್ತಿದ್ದಳು. ತನ್ನ ಕೈಗಳನ್ನು ಎಷ್ಟು ಸಲ ತೊಳೆದರೂ ಮತ್ತೆ ತೊಳೆಯಬೇಕೆನಿಸುತ್ತಿತ್ತು.

ಆಮೇಲೆ ಹಳೆಯ ಗೋರಿಗಳು ಮುಗಿದವು. ಜನ ಹೊಸವನ್ನು ಹುಡುಕತೊಡಗಿದರು.

ಮರುವರ್ಷ ಮಾಘದಲ್ಲಿ ಓಣಿಯ ಆಟೋ ಓಡಿಸುವ ದ್ಯಾಮಣ್ಣ ಅವಳ ಬಾಗಿಲಿಗೆ ಬಂದು ನಿಂತ. ಅವನ ಹನ್ನೊಂದು ತಿಂಗಳ ಮಗಳು ಹಿಂದಿನ ದಿನ ಜ್ವರದಿಂದ ಹೋಗಿದ್ದಳು. ಮುಂಜಾನೆ ಮಣ್ಣು ಮಾಡಿದ್ದರು.

"ಕಡಗ ತಗದೀವ್ರಿ ಮೇಡಂ," ಎಂದ. "ಅವರವ್ವ ಬಿಡಲಿಲ್ಲ, ಬೆರಳು ಬಿಡಿಸಿ ತಗದ್ವಿ. ಏನ್ ಮಾಡೂದು, ಬೆಳ್ಳಿ ಇದ್ರ ಗೋರಿ ಮೂರು ದಿನ ಸೈತ ಉಳಿಯಂಗಿಲ್ಲ. ನೀವ್ ಒಮ್ಮೆ ನೋಡಿ, ಏನೂ ಇಲ್ಲಂತ ಬರದು ಕೊಡ್ರಿ. ನಿಮ್ಮ ಸಹಿ ಇದ್ರ ನಂಬ್ತಾರ."

ಹಳ್ಳದ ದಂಡೆಯ ಸ್ಮಶಾನಕ್ಕೆ ಇಂದುಮತಿ ಹೋಗಿ ಬಹಳ ದಿನವಾಗಿತ್ತು. ಹೊಸ ಗೋರಿಗಳ ಮೇಲೆಲ್ಲ ಕಟ್ಟಿಗೆಯ ಹಲಗೆಗಳಿದ್ದವು. ಸತ್ತವರ ಹೆಸರು ಒಂದರಲ್ಲೂ ಇರಲಿಲ್ಲ. 'ಬೆಳ್ಳಿ ಇಲ್ಲ' ಎಂದು ಬರೆದಿತ್ತು. ಕೆಲವಕ್ಕೆ 'ಬಂಗಾರವೂ ಇಲ್ಲ' ಎಂದು ಕೆಳಗೆ ಸೇರಿಸಿದ್ದರು. ಹಾಗಿದ್ದರೂ ಎರಡು ಗುಂಡಿಗಳು ಬಾಯ್ತೆರೆದಿದ್ದವು.

ದ್ಯಾಮಣ್ಣನ ಹೆಂಡತಿ ಶಿವಲೀಲಾ ಹಸಿಮಣ್ಣಿನ ಗುಪ್ಪೆಯ ಪಕ್ಕ ಕೂತಿದ್ದಳು. ಇಂದುಮತಿ ಯಂತ್ರ ಸರಿಸಿದಳು. ಕಾಲಿನ ಜಾಗ ಖಾಲಿ. ನಡುವಿನ ಜಾಗ ಖಾಲಿ. ಎದೆಯ ಹತ್ತಿರ, ಮಡಚಿದ ಬಟ್ಟೆಯೊಳಗೆಂಬಂತೆ, ಒಂದೇ ಒಂದು ಕಾಲುಂಗುರ. ಅದು ಕೂಸಿನದಲ್ಲ, ದೊಡ್ಡವರ ಅಳತೆ.

ಅವಳು ತಲೆಯೆತ್ತಿದಳು. ಶಿವಲೀಲಾ ಬಲಗಾಲನ್ನು ಸೀರೆಯೊಳಗೆ ಎಳೆದುಕೊಂಡು, ಇವಳನ್ನೇ ದಿಟ್ಟಿಸುತ್ತಿದ್ದಳು.

"ಏನೂ ಇಲ್ಲ," ಎಂದಳು ಇಂದುಮತಿ. ಹಲಗೆಯ ಮೇಲೆ ಬರೆದು ಸಹಿ ಮಾಡಿದಳು. ಅಳತೆಯ ವಿಷಯದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು.

ದ್ಯಾಮಣ್ಣ ಕೈಮುಗಿದು ಆಟೋದ ಕಡೆ ನಡೆದ. ಇಂದುಮತಿಗೆ ಹೋಗಲು ಕಾಲು ಬರಲಿಲ್ಲ. ಸಹಿಯನ್ನು ಜನ ನಂಬಬಹುದು, ಯಂತ್ರ ನಂಬುವುದಿಲ್ಲ. ಅದಕ್ಕೆ ಮಂಕು ಕವಿಸುವ ವಸ್ತು ಒಂದೇ ಇತ್ತು. ಚಿಪ್ಸು, ಗುಟ್ಕಾ ತುಂಬಿ ಬರುತ್ತಿದ್ದ ಹೊಳೆಯುವ ಪ್ಲಾಸ್ಟಿಕ್ ಪೊಟ್ಟಣಗಳ ಒಳಮೈಗೆ ಅಲ್ಯುಮಿನಿಯಮ್ಮಿನ ತೆಳುಲೇಪ ಇರುತ್ತದೆ. ಅಂಥವು ಮಣ್ಣಿನಲ್ಲಿ ದಟ್ಟವಾಗಿ ಬೆರೆತಲ್ಲಿ ಸಾವಿರ ಮಾರುಲಿ ಒಟ್ಟಿಗೆ ಎದ್ದು, ಪರದೆ ಬರೀ ಬೆಳ್ಳಗಾಗಿಬಿಡುತ್ತಿತ್ತು. ಈ ದೋಷವನ್ನು ತಿದ್ದಲು ಅವಳು ಆರು ವರ್ಷ ಒದ್ದಾಡಿ ಸೋತಿದ್ದಳು. ಅಂಥ ಪೊಟ್ಟಣ ಮಾಡುವುದು ನಿಂತು ಎಷ್ಟೋ ಕಾಲವಾಗಿತ್ತು. ಆದರೆ ಹಳ್ಳದ ದಂಡೆಯ ಹಳೆ ತಿಪ್ಪೆ ಅವುಗಳಿಂದಲೇ ಗುಡ್ಡವಾಗಿ ನಿಂತಿತ್ತು.

ಅವಳು ಸೀರೆ ಎತ್ತಿ ಕಟ್ಟಿ ತಿಪ್ಪೆಗೆ ಕೈಹಾಕಿದಳು. ಕೊಳೆತ ನೀರು ಮೊಣಕೈವರೆಗೆ ಇಳಿಯಿತು. ವಾಂತಿ ಬರುವಂಥ ನಾತ. ಎರಡು ಮಡಿಲು ಪೊಟ್ಟಣ ತಂದು ಗುಪ್ಪೆಯ ಮೇಲೆ ಸುರಿದಾಗ ಶಿವಲೀಲಾ ಚೀರಿದಳು.

"ನನ್ನ ಕೂಸಿನ ಮ್ಯಾಲ ಕಸಾ ಹಾಕ್ತೀರೇನ್ರಿ!"

"ಇದು ಇದ್ರ ಯಾರಿಗೂ ಕಾಣೂದಿಲ್ಲ, ತಂಗಿ. ನಿನ್ನ ಕಾಲುಂಗುರನೂ."

ಶಿವಲೀಲಾ ಕಾಲುಂಗುರವಿಲ್ಲದ ತನ್ನ ಬೆರಳನ್ನು ನೋಡಿಕೊಂಡಳು. ಆಮೇಲೆ ಎದ್ದು ತಾನೂ ತಿಪ್ಪೆಗೆ ಹೋದಳು. ಇಬ್ಬರೂ ಹರಿದ ಪೊಟ್ಟಣಗಳನ್ನು ಹಸಿಮಣ್ಣಿನಲ್ಲಿ ಕಲಸಿ, ಗುಪ್ಪೆಯನ್ನು ಅಂಗೈಯಿಂದ ತಟ್ಟಿದರು. ಒಂದು ಪೊಟ್ಟಣದ ಮೂಲೆ ಮಾತ್ರ ಅಚ್ಚಳಿಯದೆ ಉಳಿದಿತ್ತು. ಶಿವಲೀಲಾ ಅದನ್ನು ಸೆರಗಿನಿಂದ ಒರೆಸಿ ಓದಿದಳು. ತಯಾರಾದ ವರ್ಷ, 2026.

"ಯಾರು ತಿಂದು ಒಗದಿದ್ರೋ," ಎಂದಳು.

ಶಿವಲೀಲಾ ಆ ಚೂರನ್ನು ಮಗಳ ಎದೆಯ ನೇರಕ್ಕೆ ಇಟ್ಟು, ಹೆಬ್ಬೆರಳಿನಿಂದ ಮಣ್ಣಿನೊಳಕ್ಕೆ ಒತ್ತಿದಳು.